ವಿದ್ಯಾರ್ಥಿಯ ಮೊದಲ ಕ್ರೆಡಿಟ್ ಕಾರ್ಡ್: ಎಫ್‌ಡಿ ಇಡುವುದರಿಂದ ಬಿಲ್ ಚುಕ್ತಾ ಮಾಡುವವರೆಗೆ

ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇಟ್ಟಿದ್ದ ಮನೆಯಲ್ಲಿ ಬೆಳೆದವರಿಗೆ ಕ್ರೆಡಿಟ್ ಕಾರ್ಡಿನ ಅರ್ಧ ಪಾಠ ಆಗಲೇ ಆಗಿರುತ್ತದೆ. ತಿಂಗಳಿಡೀ ಬೇಕಾದ ಸಾಮಾನು ತರುವುದು, ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಳ್ಳುವುದು, ಸಂಬಳ ಬಂದ ದಿನ ಲೆಕ್ಕ ಚುಕ್ತಾ ಮಾಡುವುದು. ಚುಕ್ತಾ ಮಾಡಿದವರಿಗೆ ಬಡ್ಡಿಯ ಮಾತೇ ಇಲ್ಲ. ಕಾರ್ಡಿನಲ್ಲಿಯೂ ಇಷ್ಟೇ ನಡೆಯುತ್ತದೆ. ವ್ಯತ್ಯಾಸ ಕಾಣುವುದು ಚುಕ್ತಾ ಮಾಡದಿದ್ದಾಗ: ಅಂಗಡಿಯವರು ಮುಖ ಸಿಂಡರಿಸಿ ಬಾಕಿಯನ್ನು ಮುಂದಿನ ತಿಂಗಳಿಗೆ ಎಳೆದುಕೊಳ್ಳುತ್ತಾರೆ, ಬ್ಯಾಂಕು ಮಾತ್ರ ನೀವು ವಸ್ತು ಕೊಂಡ ದಿನದಿಂದಲೇ ಬಡ್ಡಿ ಎಣಿಸುತ್ತದೆ, ಅದೂ ವರ್ಷಕ್ಕೆ ಶೇ 42ರ ಆಸುಪಾಸಿನಲ್ಲಿ.

ಈ ಮಾರ್ಗದರ್ಶಿ ಪದವಿ, ಡಿಪ್ಲೊಮಾ ಅಥವಾ ಸ್ನಾತಕೋತ್ತರ ಓದುತ್ತಿರುವ, 18 ವರ್ಷ ತುಂಬಿದ, ಇನ್ನೂ ಸಂಬಳವಿಲ್ಲದ ವಿದ್ಯಾರ್ಥಿಗಳಿಗಾಗಿ. ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ಕಾರ್ಡು ನಿಮ್ಮದೇ ಹೆಸರಿನ ಒಂದು ಸಣ್ಣ ನಿಶ್ಚಿತ ಠೇವಣಿಯ (ಎಫ್‌ಡಿ) ಮೇಲೆ ಪಡೆದ, ವಾರ್ಷಿಕ ಶುಲ್ಕವಿಲ್ಲದ, ಕಡಿಮೆ ಲಿಮಿಟ್ಟಿನ ಕಾರ್ಡಾಗಿರಲಿ, ಅದರ ಪೂರ್ತಿ ಬಿಲ್ ಪ್ರತಿ ತಿಂಗಳೂ ತಾನಾಗಿಯೇ ಪಾವತಿಯಾಗುವಂತೆ ಮೊದಲ ದಿನವೇ ವ್ಯವಸ್ಥೆ ಮಾಡಿ, ಮೊದಲ ಆರು ತಿಂಗಳು ಅದರಲ್ಲಿ ಒಂದೇ ಒಂದು ನಿಗದಿತ ಖರ್ಚು ಮಾಡಿ. ಮುಂದಿನದೆಲ್ಲ ಇದರ ವಿವರ.

ಮೊದಲು, ಬೇಕೇ ಬೇಕೇ?

ಚಹಾದಿಂದ ಹಿಡಿದು ಬಸ್ ಪಾಸಿನವರೆಗೆ ಯುಪಿಐ ನಡೆಯುತ್ತಿರುವಾಗ ವಿದ್ಯಾರ್ಥಿಗೆ ಕ್ರೆಡಿಟ್ ಕಾರ್ಡು ಅನಿವಾರ್ಯವಲ್ಲ. ಆದರೂ ಪಡೆಯಲು ಎರಡು ಗಟ್ಟಿ ಕಾರಣಗಳಿವೆ. ಮೊದಲನೆಯದು ಸಾಲದ ಚರಿತ್ರೆ. ನೀವು ಸಾಲವನ್ನು ಎಷ್ಟು ಸರಿಯಾಗಿ ಕಟ್ಟುತ್ತೀರಿ ಎಂದು ತೋರಿಸುವ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ; ಯಾವ ಸಾಲವನ್ನೂ ಮಾಡದವರಿಗೆ ಸ್ಕೋರೇ ಇರುವುದಿಲ್ಲ, ಕೆಲಸ ಸಿಕ್ಕ ಮೇಲೆ ಬೈಕಿಗೋ ಮನೆಗೋ ಸಾಲ ಕೇಳಿದಾಗ ಬ್ಯಾಂಕಿನ ಮುಂದೆ ನೀವು ಗುರುತಿಲ್ಲದ ಮನುಷ್ಯ. ಓದು ಮುಗಿಯುವ ಹೊತ್ತಿಗೆ ಎರಡು ವರ್ಷ ತಪ್ಪದೆ ಕಟ್ಟಿದ ದಾಖಲೆಯಿದ್ದರೆ ಆ ಮಾತುಕತೆ ಹಗುರವಾಗುತ್ತದೆ. ಐಬಿಪಿಎಸ್ ಮೂಲಕ ಬ್ಯಾಂಕ್ ನೌಕರಿಗೆ ಪ್ರಯತ್ನಿಸುವವರಿಗೆ ಇನ್ನೊಂದು ಮಾತು: ಸರ್ಕಾರಿ ಬ್ಯಾಂಕುಗಳು ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ಅಭ್ಯರ್ಥಿಯ ಸಾಲದ ಚರಿತ್ರೆಯನ್ನೂ ನೋಡುತ್ತವೆ. ಆದ್ದರಿಂದ ಹಾಳಾದ ದಾಖಲೆಗಿಂತ ದಾಖಲೆಯೇ ಇಲ್ಲದಿರುವುದು ಎಷ್ಟೋ ಮೇಲು.

ಎರಡನೆಯದು, ಯುಪಿಐ ತಲುಪದ ಕಡೆಯ ಪಾವತಿಗಳು. ವಿದೇಶಿ ವಿಶ್ವವಿದ್ಯಾಲಯದ ಅರ್ಜಿ ಶುಲ್ಕ, ಡಾಲರಿನಲ್ಲಿ ಕಟ್ಟಬೇಕಾದ ಪರೀಕ್ಷಾ ಶುಲ್ಕ, ಕೆಲವು ಸಾಫ್ಟ್‌ವೇರ್ ಚಂದಾ, ಇವುಗಳಿಗೆ ಕಾರ್ಡೇ ಗತಿ.

ರಿವಾರ್ಡ್ ಪಾಯಿಂಟಿಗಾಗಿ ಕಾರ್ಡು ಬೇಕೆನಿಸಿದ್ದರೆ ಸದ್ಯಕ್ಕೆ ಬಿಡಿ. ತಿಂಗಳಿಗೆ ಮೂರು ನಾಲ್ಕು ಸಾವಿರ ಖರ್ಚು ಮಾಡುವವರಿಗೆ ಪಾಯಿಂಟುಗಳಿಂದ ಸಿಗುವುದು ಹೆಚ್ಚೆಂದರೆ ಒಂದೆರಡು ಮಸಾಲೆ ದೋಸೆಯ ದುಡ್ಡು. ಕಳೆದ ಆರು ತಿಂಗಳಲ್ಲಿ ತಿಂಗಳ ಕೊನೆಗೆ ಸ್ನೇಹಿತರ ಬಳಿ ಕೈಸಾಲ ಕೇಳಿದ್ದು ಎರಡು ಮೂರು ಸಲಕ್ಕಿಂತ ಹೆಚ್ಚಾಗಿದ್ದರೆ, ಇನ್ನೊಂದು ವರ್ಷ ಕಾಯುವುದು ಒಳ್ಳೆಯದು.

ಯಾವ ಬಾಗಿಲಿನಿಂದ ಹೋಗಬೇಕು

ಠೇವಣಿಯಿಲ್ಲದ ಸಾಮಾನ್ಯ ಕಾರ್ಡಿಗೆ ಬ್ಯಾಂಕುಗಳು ಆದಾಯದ ದಾಖಲೆ ಕೇಳುತ್ತವೆ, ಹೆಚ್ಚಿನವು 21 ವರ್ಷ ತುಂಬಿರಬೇಕೆನ್ನುತ್ತವೆ. ಅದು ಸಂಬಳ ಬಂದ ಮೇಲಿನ ಮಾತು. ಉಳಿದವು ಎರಡು ದಾರಿಗಳು.

ಅಪ್ಪ ಅಥವಾ ಅಮ್ಮನ ಕಾರ್ಡಿನ ಮೇಲೆ ನಿಮ್ಮ ಹೆಸರಿನಲ್ಲಿ ಆಡ್-ಆನ್ ಕಾರ್ಡು ಪಡೆಯುವುದು ಒಂದು. ದೂರದ ಊರಿನ ಹಾಸ್ಟೆಲಿನಲ್ಲಿರುವವರಿಗೆ ತುರ್ತಿಗೆ ಇದು ಅನುಕೂಲ. ಆದರೆ ಖರ್ಚಿನ ಹೊಣೆ ಪೂರ್ತಿಯಾಗಿ ಮೂಲ ಕಾರ್ಡುದಾರರದ್ದು, ಮರುಪಾವತಿಯ ದಾಖಲೆಯೂ ಅವರ ಹೆಸರಿಗೇ ಸೇರುತ್ತದೆ. ನೀವು ಎಷ್ಟು ಶಿಸ್ತಿನಿಂದ ಬಳಸಿದರೂ ನಿಮ್ಮ ಚರಿತ್ರೆ ಬೆಳೆಯುವುದಿಲ್ಲ. ನೀವು ಎಡವಿದರೆ ಅಪ್ಪನ ಸ್ಕೋರ್ ಇಳಿಯುತ್ತದೆ.

ಇನ್ನೊಂದು, ನಾನು ಶಿಫಾರಸು ಮಾಡುವ ದಾರಿ, ಎಫ್‌ಡಿ ಆಧಾರಿತ ಕಾರ್ಡು. ನಿಮ್ಮ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟರೆ, ಅದರ ಶೇ 80ರಿಂದ 100ರಷ್ಟು ಮೊತ್ತವನ್ನು ಲಿಮಿಟ್ಟಾಗಿ ಕೊಡುತ್ತಾರೆ. ಎಸ್‌ಬಿಐ ಕಾರ್ಡಿನ ಉನ್ನತಿ, ಐಡಿಎಫ್‌ಸಿ ಫಸ್ಟ್‌ನ ವಾವ್, ಆಕ್ಸಿಸ್‌ನ ಇನ್‌ಸ್ಟಾ ಈಸಿ ಈ ಜಾತಿಯವು. ಆದಾಯದ ದಾಖಲೆಯ ಗೊಡವೆಯಿಲ್ಲ, ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ, ಮರುಪಾವತಿಯ ದಾಖಲೆ ನಿಮ್ಮ ಹೆಸರಿನಲ್ಲಿಯೇ ಬೆಳೆಯುತ್ತದೆ. ಠೇವಣಿಯ ಮೇಲೆ ಬ್ಯಾಂಕು ‘ಲಿಯನ್’ ಹಾಕಿರುತ್ತದೆ, ಅಂದರೆ ಕಾರ್ಡು ಇರುವವರೆಗೆ ಆ ಹಣವನ್ನು ನೀವು ಮುಟ್ಟುವಂತಿಲ್ಲ, ನೀವು ಬಾಕಿ ಕಟ್ಟದಿದ್ದರೆ ಬ್ಯಾಂಕು ಅದನ್ನು ಮುರಿದು ವಸೂಲು ಮಾಡಿಕೊಳ್ಳಬಹುದು. ಹಾಗಾಗಿ ಮುಂದಿನ ಸೆಮಿಸ್ಟರಿನ ಫೀಸಿಗೆಂದು ತೆಗೆದಿಟ್ಟ ಹಣವನ್ನು ಎಂದಿಗೂ ಇದಕ್ಕೆ ಹಾಕಬೇಡಿ.

ಎಷ್ಟು ಇಡಬೇಕು? 15ರಿಂದ 25 ಸಾವಿರ ಸಾಕು. ಇಲ್ಲಿ 20,000 ರೂ. ಠೇವಣಿ, ಶೇ 90ರ ಲೆಕ್ಕದಲ್ಲಿ 18,000 ರೂ. ಲಿಮಿಟ್ ಎಂದು ಇಟ್ಟುಕೊಂಡು ಮುಂದುವರಿಯೋಣ. ಅಂಚೆ ಕಚೇರಿಯ ಠೇವಣಿ ಇದಕ್ಕೆ ನಡೆಯುವುದಿಲ್ಲ, ಕಾರ್ಡು ಕೊಡುವ ಬ್ಯಾಂಕಿನಲ್ಲಿಯೇ, ಅಥವಾ ಕಾರ್ಡು ಸಂಸ್ಥೆ ಒಪ್ಪುವ ಬ್ಯಾಂಕಿನಲ್ಲಿ ಇಡಬೇಕು. ಕಾಲೇಜಿಗೆ ಹತ್ತಿರದ ಶಾಖೆಯಿರುವ ಬ್ಯಾಂಕನ್ನು ಆರಿಸಿದರೆ ತಕರಾರು ಬಂದ ದಿನ ಕೌಂಟರಿನ ಮುಂದೆ ನಿಂತು ಕೇಳಬಹುದು. ಸಹಾಯವಾಣಿಯ ಸಂಗೀತ ಕೇಳುತ್ತ ಕೂರುವುದಕ್ಕಿಂತ ಅದು ಎಷ್ಟೋ ವಾಸಿ.

ಸಹಿಗೆ ಮುಂಚೆ ಓದಬೇಕಾದ ಒಂದು ಪುಟ

ಆರ್‌ಬಿಐನ ಕಾರ್ಡ್ ನಿಯಮಾವಳಿಯ ಪ್ರಕಾರ ಅರ್ಜಿಯ ಜೊತೆಗೆ ಬಡ್ಡಿ, ಶುಲ್ಕಗಳ ಒಂದು ಪುಟದ ಮುಖ್ಯಾಂಶ ಪತ್ರವನ್ನು ಕೊಡಲೇಬೇಕು. ಅದನ್ನು ಕೇಳಿ ಪಡೆಯಿರಿ. ಜಾಹೀರಾತಿನ ಚಿತ್ರಗಳನ್ನು ಬಿಟ್ಟು ಅದನ್ನೇ ಓದಿ.

ವಾರ್ಷಿಕ ಶುಲ್ಕದ ಸಾಲಿನಲ್ಲಿ ‘ಮೊದಲ ವರ್ಷ ಉಚಿತ’ ಎಂದಿದೆಯೋ, ‘ಜೀವಮಾನ ಉಚಿತ’ ಎಂದಿದೆಯೋ ನೋಡಿ. ಎರಡಕ್ಕೂ ಅಜಗಜಾಂತರ. ವರ್ಷಕ್ಕೆ 499 ರೂ. ಎಂದಿದ್ದರೆ ಶೇ 18ರ ಜಿಎಸ್‌ಟಿ ಸೇರಿ ಕೈಬಿಟ್ಟು ಹೋಗುವುದು 589 ರೂ. ಕಾರ್ಡನ್ನು ಕಪಾಟಿನಲ್ಲಿಟ್ಟು ಮರೆತಿದ್ದರೂ ಈ ಮೊತ್ತ ಬಿಲ್ಲಾಗಿ ಬರುತ್ತದೆ, ಕಟ್ಟದಿದ್ದರೆ ತಡಪಾವತಿ ಶುಲ್ಕವೂ ಸೇರಿಕೊಳ್ಳುತ್ತದೆ.

ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಶೇ 3.5 ಎಂದು ಕಂಡರೆ ಹನ್ನೆರಡರಿಂದ ಗುಣಿಸಿ, ಶೇ 42. ಇದಕ್ಕೆ ಕಾನೂನಿನ ಮಿತಿ ಇದೆ ಎಂದು ಹಲವರು ನಂಬಿದ್ದಾರೆ. ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿದ್ದು ನಿಜ. ಆ ಆದೇಶವನ್ನು 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿದೆ. ಎಫ್‌ಡಿ ಆಧಾರಿತ ಕೆಲವು ಕಾರ್ಡುಗಳಲ್ಲಿ ದರ ಇದಕ್ಕಿಂತ ಕಡಿಮೆಯಿರುತ್ತದೆ, ಹೋಲಿಸಿ ನೋಡುವುದು ವ್ಯರ್ಥವಲ್ಲ.

ವಿದೇಶಿ ಕರೆನ್ಸಿಯ ಮೇಲಿನ ಹೆಚ್ಚುವರಿ ಶುಲ್ಕ ಸಾಮಾನ್ಯವಾಗಿ ಶೇ 3.5, ಜಿಎಸ್‌ಟಿ ಸೇರಿ ಶೇ 4.13. ವಿದೇಶಿ ವಿಶ್ವವಿದ್ಯಾಲಯಗಳಿಗೆ 20,000 ರೂ.ಗಳಷ್ಟು ಅರ್ಜಿ ಶುಲ್ಕ ಕಟ್ಟಿದರೆ 826 ರೂ. ಹೆಚ್ಚುವರಿ. ನಿಮ್ಮ ಉದ್ದೇಶವೇ ಅದಾಗಿದ್ದರೆ ಈ ಶುಲ್ಕವಿಲ್ಲದ ಕಾರ್ಡನ್ನು ಹುಡುಕಿ.

ರೂಪೇ, ವೀಸಾ, ಮಾಸ್ಟರ್‌ಕಾರ್ಡ್ ಎಂಬ ಪಾವತಿ ಜಾಲಗಳ ನಡುವೆ ಯಾವುದು? 2024ರ ಸೆಪ್ಟೆಂಬರ್‌ನಿಂದ ಹೆಚ್ಚಿನ ಕಾರ್ಡು ಸಂಸ್ಥೆಗಳು ಈ ಆಯ್ಕೆಯನ್ನು ಗ್ರಾಹಕರಿಗೆ ಕೊಡಬೇಕಾಗಿದೆ. ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್ ಕೋಡಿಗೆ ಪಾವತಿಸಬಹುದು. ಇದು ಸೌಲಭ್ಯವೂ ಹೌದು, ಬಲೆಯೂ ಹೌದು. ಉಳಿತಾಯ ಖಾತೆಯಿಂದ ಹೋಗುವ ಯುಪಿಐಗೂ ಸಾಲದಿಂದ ಹೋಗುವ ಯುಪಿಐಗೂ ಫೋನಿನಲ್ಲಿ ಕಾಣುವ ವ್ಯತ್ಯಾಸ ಒಂದು ಸಣ್ಣ ಚಿಹ್ನೆ ಮಾತ್ರ. ಪಾನಿಪುರಿ ಗಾಡಿಯ ಮುಂದೆ ನಿಂತು ಅದನ್ನು ಯಾರು ಗಮನಿಸುತ್ತಾರೆ? ಮೊದಲ ಆರು ತಿಂಗಳು ಜೋಡಿಸಬೇಡಿ.

ಅರ್ಜಿ

ಪ್ಯಾನ್, ಆಧಾರ್, ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ, ಒಂದು ಫೋಟೊ ಇದ್ದರೆ ಕೆಲಸ ಮುಗಿಯುತ್ತದೆ. ಶಾಖೆಯಲ್ಲಿ ಇಲ್ಲವೇ ವಿಡಿಯೊ ಕೆವೈಸಿಯಲ್ಲಿ ಮುಗಿಸಬಹುದು. ವಿಳಾಸದ ವಿಷಯದಲ್ಲಿ ಎಚ್ಚರ ಬೇಕು. ಪಿಜಿ ಅಥವಾ ಹಾಸ್ಟೆಲಿನ ವಿಳಾಸ ಕೊಟ್ಟು, ಆರು ತಿಂಗಳಲ್ಲಿ ಅಲ್ಲಿಂದ ಹೊರಟುಬಿಟ್ಟರೆ ಹೊಸ ಕಾರ್ಡು ಇನ್ನೊಬ್ಬರ ಕೈ ಸೇರಬಹುದು. ಊರಿನ ಮನೆಯ ವಿಳಾಸವೇ ಕ್ಷೇಮ. ಇಮೇಲ್ ನೀವು ದಿನಾ ನೋಡುವಂಥದ್ದಾಗಿರಲಿ. ಕಾಲೇಜು ಕೊಟ್ಟ ಇಮೇಲ್ ಬೇಡ, ಓದು ಮುಗಿದ ಮೇಲೆ ಅದು ಮುಚ್ಚಿಹೋಗುತ್ತದೆ, ಬಿಲ್ ಮಾತ್ರ ಅಲ್ಲಿಗೇ ಹೋಗುತ್ತಿರುತ್ತದೆ.

ಕ್ಯಾಂಪಸ್ಸಿನ ಗೇಟಿನಲ್ಲಿ, ಮಾಲ್‌ಗಳಲ್ಲಿ ಮೇಜು ಹಾಕಿಕೊಂಡು ಕುಳಿತವರು ‘ಆದಾಯ ಎರಡೂವರೆ ಲಕ್ಷ ಅಂತ ಬರೆದುಬಿಡಿ, ಯಾರೂ ಕೇಳಲ್ಲ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ಮಾಹಿತಿಯ ಕೆಳಗಿರುವುದು ನಿಮ್ಮ ಸಹಿ, ಅವರದಲ್ಲ. ಒಂದೇ ವಾರದಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕುವುದೂ ಬೇಡ, ಪ್ರತಿ ಅರ್ಜಿಯ ವಿಚಾರಣೆಯೂ ಸಾಲದ ವರದಿಯಲ್ಲಿ ದಾಖಲಾಗುತ್ತದೆ. ಕಾರ್ಡಿನ ಜೊತೆಗೆ ವಿಮೆ, ಕಾರ್ಡ್ ಪ್ರೊಟೆಕ್ಷನ್ ಮುಂತಾದವುಗಳ ಚೌಕಗಳಿಗೆ ಮೊದಲೇ ಗುರುತು ಹಾಕಿದ್ದರೆ ತೆಗೆಯಿರಿ. ನೀವು ಕೇಳದ ಕಾರ್ಡನ್ನು ಕೊಡುವಂತೆಯೇ ಇಲ್ಲ. ಹಾಗೆ ಕೊಟ್ಟು ಬಿಲ್ ಹಾಕಿದರೆ ಆ ಮೊತ್ತವನ್ನು ರದ್ದುಮಾಡಿ, ಅದರ ಎರಡರಷ್ಟನ್ನು ದಂಡವಾಗಿ ನಿಮಗೆ ಕೊಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ.

ಕಾರ್ಡು ಕೈಗೆ ಬಂದ ದಿನ

ಖರೀದಿಗೆ ಮುಂಚೆ ಅರ್ಧ ಗಂಟೆಯ ಕೆಲಸವಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಪಿನ್ ಹಾಕಿಕೊಳ್ಳಿ. ಹುಟ್ಟಿದ ವರ್ಷ ಬೇಡ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಆನ್‌ಲೈನ್, ವಿದೇಶಿ ಮತ್ತು ಕಾಂಟ್ಯಾಕ್ಟ್‌ಲೆಸ್ ಬಳಕೆ ಮೊದಲಿಗೆ ಬಂದ್ ಆಗಿರುತ್ತವೆ. ಆನ್‌ಲೈನ್ ಬಳಕೆಯನ್ನು ಮಾತ್ರ ತೆರೆದು, ದಿನದ ಮಿತಿಯನ್ನು ಮೂರು ನಾಲ್ಕು ಸಾವಿರಕ್ಕೆ ಕಟ್ಟಿಹಾಕಿ. ಕಾಂಟ್ಯಾಕ್ಟ್‌ಲೆಸ್ ತೆರೆದರೆ 5,000 ರೂ.ವರೆಗಿನ ಪಾವತಿಗೆ ಪಿನ್ ಕೇಳುವುದಿಲ್ಲ ಎಂಬುದು ನೆನಪಿರಲಿ. ಎಟಿಎಂನಿಂದ ನಗದು ತೆಗೆಯುವ ಸೌಲಭ್ಯವನ್ನು ಪೂರ್ತಿ ಬಂದ್ ಮಾಡಿ.

ಏಕೆಂದು ಲೆಕ್ಕದಲ್ಲಿ ತೋರಿಸುತ್ತೇನೆ. ಕ್ರೆಡಿಟ್ ಕಾರ್ಡಿನಿಂದ 2,000 ರೂ. ನಗದು ತೆಗೆದಿರಿ ಎನ್ನೋಣ. ಶುಲ್ಕ ಬಹುತೇಕ ಕಡೆ ಕನಿಷ್ಠ 500 ರೂ., ಜಿಎಸ್‌ಟಿ 90 ರೂ. ನಗದಿಗೆ ಬಡ್ಡಿರಹಿತ ಅವಧಿ ಇಲ್ಲವಾದ್ದರಿಂದ ಮೂವತ್ತು ದಿನದ ಬಡ್ಡಿ ಸುಮಾರು 70 ರೂ., ಅದರ ಮೇಲೆ ಮತ್ತೆ ಜಿಎಸ್‌ಟಿ. ಎರಡು ಸಾವಿರಕ್ಕೆ ಒಂದು ತಿಂಗಳಿಗೆ 670 ರೂ. ದಾಟಿತು. ಮೀಟರ್ ಬಡ್ಡಿಯವರೂ ನಾಚಬೇಕು.

ಮುಂದಿನ ಕೆಲಸ ಬಿಲ್ ದಿನಾಂಕದ್ದು. ಮನೆಯಿಂದ ಪ್ರತಿ ತಿಂಗಳ ಮೊದಲ ವಾರದಲ್ಲಿ ಹಣ ಬರುತ್ತದೆಯಾದರೆ, ಪಾವತಿಯ ಕೊನೆಯ ದಿನ 8ರಿಂದ 12ರ ಒಳಗೆ ಬೀಳುವಂತೆ ಬಿಲ್ ಚಕ್ರವನ್ನು ಬದಲಿಸಿಕೊಳ್ಳಿ. ಕನಿಷ್ಠ ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕು ನಿಮಗಿದೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುವ ವಿದ್ಯಾರ್ಥಿವೇತನವನ್ನು ನಂಬಿಕೊಂಡು ದಿನಾಂಕ ಇಡಬೇಡಿ, ಅದು ಯಾವಾಗ ಖಾತೆಗೆ ಬೀಳುತ್ತದೆ ಎಂಬುದು ಪಡೆದವರಿಗೆಲ್ಲ ಗೊತ್ತಿರುವ ಸಂಗತಿ.

ಕೊನೆಯದಾಗಿ ಆಟೋ ಡೆಬಿಟ್, ಅಂದರೆ ಬಿಲ್ಲಿನ ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುವ ವ್ಯವಸ್ಥೆ. ಇಲ್ಲಿ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲಿರುತ್ತವೆ: ‘ಟೋಟಲ್ ಅಮೌಂಟ್ ಡ್ಯೂ’ (ಪೂರ್ತಿ ಬಾಕಿ) ಮತ್ತು ‘ಮಿನಿಮಮ್ ಅಮೌಂಟ್ ಡ್ಯೂ’ (ಬಾಕಿಯ ಒಂದು ಸಣ್ಣ ಪಾಲು). ಮೊದಲನೆಯದನ್ನೇ ಆರಿಸಿ, ಆರಿಸಿದ್ದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಹುಬ್ಬಳ್ಳಿಯ ಅಳಿಯನ 12,000 ರೂಪಾಯಿ

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹುಬ್ಬಳ್ಳಿಯಲ್ಲಿ ಬಿಇ ಓದುವ ನನ್ನ ಅಕ್ಕನ ಮಗ, ನಾನು ಹೇಳಿದಂತೆಯೇ 20,000 ರೂ. ಠೇವಣಿಯಿಟ್ಟು 18,000ದ ಲಿಮಿಟ್ಟಿನ ಕಾರ್ಡು ಪಡೆದ. ಆಗಸ್ಟ್ 10ರಂದು ಲ್ಯಾಪ್‌ಟಾಪಿನ ಪರದೆ ಮತ್ತು ಕೀಬೋರ್ಡ್ ಬದಲಿಸಲು 12,000 ರೂ. ಉಜ್ಜಿದ. ಅಕ್ಟೋಬರಿನಲ್ಲಿ ಫೋನು ಬಂತು: ‘ಮಾಮಾ, ರೊಕ್ಕ ತಾನ ಕಟ್ ಆಗೇತಿ, ಆದ್ರೂ ಸಾಲ ಯಾಕ ಹೆಚ್ಚಾಗೇತಿ?’

ಬಿಲ್ ತರಿಸಿ ನೋಡಿದೆ. ಅವನ ಬಿಲ್ ದಿನಾಂಕ 5, ಕಟ್ಟುವ ಕೊನೆಯ ದಿನ 25. ಆಟೋ ಡೆಬಿಟ್ಟಿನಲ್ಲಿ ಗುರುತು ಬಿದ್ದಿದ್ದು ಮಿನಿಮಮ್ ಮೇಲೆ. ಸೆಪ್ಟೆಂಬರ್ 25ರಂದು ಶೇ 5ರ ಲೆಕ್ಕದಲ್ಲಿ 600 ರೂ. ಖಾತೆಯಿಂದ ಹೋಗಿತ್ತು, ‘ಪಾವತಿ ಸ್ವೀಕರಿಸಲಾಗಿದೆ, ಧನ್ಯವಾದಗಳು’ ಎಂಬ ಸಂದೇಶವೂ ಬಂದಿತ್ತು. ಪೂರ್ತಿ ಕಟ್ಟದ ಕಾರಣ ಬಡ್ಡಿರಹಿತ ಅವಧಿ ಹಿಂದಿನಿಂದಲೇ ರದ್ದಾಯಿತು. ಆಗಸ್ಟ್ 10ರಿಂದ ಸೆಪ್ಟೆಂಬರ್ 25ರವರೆಗಿನ 46 ದಿನಕ್ಕೆ ಪೂರ್ತಿ 12,000ದ ಮೇಲೆ ಶೇ 42ರಂತೆ 635 ರೂ.; ಅಲ್ಲಿಂದ ಅಕ್ಟೋಬರ್ 5ರವರೆಗಿನ 10 ದಿನಕ್ಕೆ ಉಳಿದ 11,400ರ ಮೇಲೆ 131 ರೂ.; ಎರಡೂ ಸೇರಿ 766, ಅದರ ಮೇಲೆ ಜಿಎಸ್‌ಟಿ 138. ಹೊಸ ಬಿಲ್ 12,304 ರೂ. ಆರು ನೂರು ಕಟ್ಟಿದ ಮೇಲೆ ಸಾಲ ಮುನ್ನೂರ ನಾಲ್ಕು ರೂಪಾಯಿ ಬೆಳೆದಿತ್ತು. ಕೊಸರಾಗಿ, ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಪ್ರತಿಯೊಂದಕ್ಕೂ, ಅದು ಖಾನಾವಳಿಯ ಊಟವೇ ಆಗಿರಲಿ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಅವನ ಠೇವಣಿ ವರ್ಷಕ್ಕೆ ಶೇ 6.5ರಂತೆ 1,300 ರೂ. ಗಳಿಸುತ್ತಿದ್ದರೆ, ಆ 12,000 ಹಾಗೆಯೇ ಉಳಿದರೆ ವರ್ಷಕ್ಕೆ ಬಡ್ಡಿಯೇ 5,040 ರೂ. ಮನೆಯಲ್ಲಿ ಬೈಸಿಕೊಳ್ಳುವ ಹೆದರಿಕೆಯಿಂದ ಅವನು ಎರಡು ವಾರ ಸುಮ್ಮನಿದ್ದ. ಆ ಎರಡು ವಾರಕ್ಕೂ ದಿನಕ್ಕೆ ಹದಿಮೂರು ರೂಪಾಯಿಯಂತೆ ಬಡ್ಡಿ ಬಿದ್ದಿತ್ತು. ಅಕ್ಕನಿಗೆ ಹೇಳಿಸಿ, ಅದೇ ದಿನ ಪೂರ್ತಿ ಕಟ್ಟಿಸಿದೆ. ಮುಂದಿನ ಬಿಲ್ಲಿನಲ್ಲಿ ನಡುವಿನ ದಿನಗಳ ಬಡ್ಡಿ ಸ್ವಲ್ಪ ಬಂತು. ಹೀಗೆ ಬರುವುದು ಸಹಜ, ಅದನ್ನೂ ಕಟ್ಟಿದ ಮೇಲೆಯೇ ಬಡ್ಡಿರಹಿತ ಅವಧಿ ಮರಳುವುದು.

ಇದೇ ದಿನಾಂಕಗಳಲ್ಲಿ ಪೂರ್ತಿ ಕಟ್ಟುವವರಿಗೆ ಏನು ಸಿಗುತ್ತದೆ ಎಂಬುದನ್ನೂ ನೋಡಿ. ಆಗಸ್ಟ್ 6ರಂದು ಕೊಂಡದ್ದು ಸೆಪ್ಟೆಂಬರ್ 5ರ ಬಿಲ್ಲಿಗೆ ಬಂದು 25ಕ್ಕೆ ಕಟ್ಟುವುದರಿಂದ ಐವತ್ತು ದಿನ ಬಡ್ಡಿಯಿಲ್ಲದ ಸಾಲ. ಸೆಪ್ಟೆಂಬರ್ 4ರಂದು ಕೊಂಡದ್ದಕ್ಕೆ ಇಪ್ಪತ್ತೊಂದೇ ದಿನ. ದೊಡ್ಡ ಖರೀದಿ ಇದ್ದರೆ ಬಿಲ್ ಆದ ಮರುದಿನ ಮಾಡುವುದು ಜಾಣತನ.

ಮೊದಲ ಆರು ತಿಂಗಳು

ಪ್ರತಿ ತಿಂಗಳೂ ಹೇಗಿದ್ದರೂ ಮಾಡುವ ಒಂದು ಖರ್ಚನ್ನು ಆರಿಸಿ: ಮೊಬೈಲ್ ರೀಚಾರ್ಜ್, ಪುಸ್ತಕ, ಅಥವಾ ಊರಿಗೆ ಹೋಗುವ ಕೆಎಸ್‌ಆರ್‌ಟಿಸಿ ಟಿಕೆಟ್. ಅದಷ್ಟನ್ನೇ ಕಾರ್ಡಿನಲ್ಲಿ ಮಾಡಿ. ಮಾಡಿದ ದಿನವೇ ಅಷ್ಟು ಹಣ ನಿಮ್ಮ ಉಳಿತಾಯ ಖಾತೆಯಲ್ಲಿ ಇರಲೇಬೇಕು. ಇಲ್ಲದ ಹಣವನ್ನು ಬರುತ್ತದೆಂಬ ಭರವಸೆಯಲ್ಲಿ ಖರ್ಚು ಮಾಡುವುದಕ್ಕೆ ಈ ಕಾರ್ಡಲ್ಲ.

ಲಿಮಿಟ್ಟಿನ ಶೇ 30ರ ಒಳಗೆ ಬಳಸುವುದು ಸ್ಕೋರಿಗೆ ಒಳ್ಳೆಯದೆಂಬುದು ರೂಢಿಯ ಸಲಹೆ. 18,000ಕ್ಕೆ ಅದು 5,400 ರೂ. ಯಾವುದೋ ತಿಂಗಳು ಅನಿವಾರ್ಯವಾಗಿ ಹೆಚ್ಚು ಖರ್ಚಾದರೆ, ಬಿಲ್ ದಿನಾಂಕಕ್ಕೆ ಎರಡು ಮೂರು ದಿನ ಮುಂಚೆಯೇ ಒಂದಷ್ಟು ಕಟ್ಟಿಬಿಡಿ. ಬಿಲ್ಲಿನಲ್ಲಿ ಕಾಣುವ ಬಾಕಿ ಇಳಿಯುತ್ತದೆ, ಸಾಮಾನ್ಯವಾಗಿ ವರದಿಯಾಗುವುದು ಅದೇ ಮೊತ್ತ.

‘ನೋ ಕಾಸ್ಟ್ ಇಎಂಐ’ ಎಂಬ ಹೆಸರನ್ನು ಅಕ್ಷರಶಃ ನಂಬಬೇಡಿ. ಬಡ್ಡಿಯಷ್ಟು ರಿಯಾಯಿತಿಯನ್ನು ಮಾರಾಟಗಾರರು ಕೊಟ್ಟಿರುತ್ತಾರೆ, ನಿಜ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಿಮ್ಮ ತಲೆಗೇ. ವಸ್ತುವಿನ ಪೂರ್ತಿ ಬೆಲೆಯಷ್ಟು ಲಿಮಿಟ್ ಕೂಡ ಮೊದಲ ದಿನವೇ ಕಟ್ಟಿಹೋಗಿ, ಕಂತು ಕಟ್ಟಿದಂತೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕಾಲೇಜು ಫೀಸನ್ನು ಕಾರ್ಡಿನಲ್ಲಿ ಕಟ್ಟುವ ಮುನ್ನ ಪೋರ್ಟಲ್ಲಿನ ಹೆಚ್ಚುವರಿ ಶುಲ್ಕವನ್ನೂ ನೋಡಿ, ನೆಟ್ ಬ್ಯಾಂಕಿಂಗ್ ಅಥವಾ ಯುಪಿಐನಲ್ಲಿ ಅದು ಕಡಿಮೆ ಇಲ್ಲವೇ ಸೊನ್ನೆ ಇರಬಹುದು.

ಗೆಳೆಯರ ಖರೀದಿಗೆ ನಿಮ್ಮ ಕಾರ್ಡು ಕೊಡುವುದು ಹಾಸ್ಟೆಲ್‌ಗಳಲ್ಲಿ ಮಾಮೂಲು. ರಿಯಾಯಿತಿ ಅವರಿಗೆ, ಹೊಣೆ ನಿಮಗೆ. ಕೊಡಲೇಬೇಕಾಗಿ ಬಂದರೆ ಹಣ ಮೊದಲು ಖಾತೆಗೆ ಬರಲಿ, ಆಮೇಲೆ ಕಾರ್ಡು ಹೊರಬರಲಿ.

ಬಿಲ್ ಓದುವ ಕ್ರಮ

ಆಟೋ ಡೆಬಿಟ್ ಇದೆಯೆಂದು ಬಿಲ್ ತೆರೆಯದೆ ಬಿಡಬೇಡಿ. ಹತ್ತು ನಿಮಿಷ ಸಾಕು. ಮೊದಲು ಒಟ್ಟು ಬಾಕಿ ಮತ್ತು ಕೊನೆಯ ದಿನಾಂಕ. ಆಮೇಲೆ ಖರ್ಚಿನ ಪಟ್ಟಿಯಲ್ಲಿ ಪ್ರತಿ ಸಾಲನ್ನೂ ಫೋನಿನ ಎಸ್‌ಎಂಎಸ್ ಜೊತೆ ತಾಳೆ ನೋಡಿ. ಗುರುತು ಸಿಗದ ಒಂದು ರೂಪಾಯಿ, ಎರಡು ರೂಪಾಯಿಯ ವ್ಯವಹಾರವನ್ನು ಕಡೆಗಣಿಸಬೇಡಿ, ಕಾರ್ಡು ಜೀವಂತವಾಗಿದೆಯೇ ಎಂದು ವಂಚಕರು ಹಾಗೆಯೇ ತಟ್ಟಿ ನೋಡುತ್ತಾರೆ. ಬಡ್ಡಿ ಅಥವಾ ಶುಲ್ಕದ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನು ಕಂಡರೂ ಅದೇ ದಿನ ಕೇಳಿ. ಓಟಿಟಿ, ಆ್ಯಪ್ ಚಂದಾಗಳು ತಾನಾಗಿಯೇ ಕಡಿತವಾಗುವುದಕ್ಕೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರುತ್ತದೆ, ಬೇಡವಾದದ್ದನ್ನು ಅಲ್ಲಿಯೇ ನಿಲ್ಲಿಸಬಹುದು.

ಖಾತೆಯಲ್ಲಿ ಹಣವಿಲ್ಲದೆ ಆಟೋ ಡೆಬಿಟ್ ವಿಫಲವಾದರೆ ಎರಡು ಕಡೆ ಪೆಟ್ಟು: ಕಾರ್ಡಿನ ಕಡೆಯಿಂದ ಒಂದು ಶುಲ್ಕ, ಉಳಿತಾಯ ಖಾತೆಯ ಕಡೆಯಿಂದ ಇನ್ನೊಂದು. ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಖಾತೆ ನೋಡಿಕೊಳ್ಳುವ ಅಲಾರಂ ಇಟ್ಟುಕೊಳ್ಳಿ.

ಕಟ್ಟಲಾಗದ ತಿಂಗಳು ಬಂದರೆ

ಕೊನೆಯ ದಿನ ತಪ್ಪಿಹೋದರೂ ಮೂರು ದಿನದ ಅವಕಾಶವಿದೆ. ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ತಡಪಾವತಿ ಶುಲ್ಕ ಹಾಕಬಹುದು, ಆಗ ಮಾತ್ರವೇ ಸಾಲ ಮಾಹಿತಿ ಸಂಸ್ಥೆಗಳಿಗೆ ಬಾಕಿದಾರನೆಂದು ವರದಿ ಮಾಡಬಹುದು. ಬಡ್ಡಿ ಮಾತ್ರ ಈ ಮೂರು ದಿನಕ್ಕೂ ಓಡುತ್ತದೆ. ಆ ಅವಧಿಯೊಳಗೆ ಮನೆಯವರಿಗೆ ಹೇಳಿ ಹಣ ಹೊಂದಿಸಿ. ಪೂರ್ತಿ ಆಗದಿದ್ದರೆ ಕನಿಷ್ಠ ಮೊತ್ತವನ್ನಾದರೂ ಕಟ್ಟಿ. ಅದು ಬಡ್ಡಿಯನ್ನು ತಡೆಯುವುದಿಲ್ಲ, ಆದರೆ ದಾಖಲೆಯ ಮೇಲೆ ಕಪ್ಪುಚುಕ್ಕೆ ಬೀಳದಂತೆ ತಡೆಯುತ್ತದೆ. ಬಾಕಿ ದೊಡ್ಡದಿದ್ದರೆ ಅದನ್ನು ಕಂತಾಗಿ ಬದಲಿಸಿಕೊಡುವಂತೆ ಕೇಳಬಹುದು, ಅದರ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಗಿಂತ ಬಹಳ ಕಡಿಮೆ.

ಮಾಡಬಾರದ ಎರಡು ಕೆಲಸಗಳಿವೆ. ಕಾರ್ಡಿನ ಬಾಕಿ ತೀರಿಸಲು ಐದು ನಿಮಿಷದಲ್ಲಿ ಹಣ ಕೊಡುವ ಸಾಲದ ಆ್ಯಪ್‌ಗಳ ಮೊರೆ ಹೋಗುವುದು ಒಂದು. ಸಣ್ಣ ಹಳ್ಳದಿಂದ ಎದ್ದು ಬಾವಿಗೆ ಹಾರಿದಂತೆ. ‘ಸೆಟಲ್‌ಮೆಂಟ್’ ಹೆಸರಿನಲ್ಲಿ ಅರ್ಧ ಕಟ್ಟಿ ಮುಗಿಸುವುದು ಇನ್ನೊಂದು. ವರದಿಯಲ್ಲಿ ಆ ಪದ ವರ್ಷಗಟ್ಟಲೆ ಉಳಿದು, ಮುಂದೆ ಸಾಲ ಕೊಡುವವರು ಅದನ್ನೇ ಮೊದಲು ಓದುತ್ತಾರೆ. ವಸೂಲಿಯವರು ಬೆಳಗಿನ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ನಿಂದಿಸುವಂತೆಯೂ ಇಲ್ಲ.

ವಂಚನೆಯಾದರೆ ಮೊದಲ ಗಂಟೆ

ಒಟಿಪಿ ಯಾರಿಗೂ ಹೇಳಬಾರದೆಂಬುದು ಎಲ್ಲರಿಗೂ ಗೊತ್ತು, ಆದರೂ ಹೇಳುತ್ತಾರೆ, ಏಕೆಂದರೆ ಕರೆ ಮಾಡಿದವರು ಒಟಿಪಿ ಕೇಳುವುದಿಲ್ಲ. ‘ನಿಮ್ಮ ಲಿಮಿಟ್ ಹೆಚ್ಚಿಸಲು ಬಂದಿರುವ ಕೋಡ್ ಓದಿ’ ಎನ್ನುತ್ತಾರೆ. ಬ್ಯಾಂಕಿನ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನು ಮೀಸಲಿಡಲಾಗಿದೆ. ಬ್ಯಾಂಕುಗಳ ಜಾಲತಾಣದ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕು. ಇವೆರಡೂ ಇಲ್ಲದಿದ್ದರೆ ಅನುಮಾನಿಸಿ. ಇದ್ದರೂ ಕೋಡ್ ಓದಬೇಡಿ.

ಹಣ ಹೋದದ್ದು ಕಂಡ ಕ್ಷಣ ಆ್ಯಪ್‌ನಲ್ಲಿ ಕಾರ್ಡು ಬ್ಲಾಕ್ ಮಾಡಿ, ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ವಂಚನೆಯಾಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ ಎಂದು 2017ರ ಜುಲೈನಲ್ಲಿ ಆರ್‌ಬಿಐ ಹೇಳಿದೆ. ನೀವೇ ಒಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ನಂತರದ್ದು ಬ್ಯಾಂಕಿನದು. ನಾಚಿಕೆಯಿಂದ ತಡಮಾಡಬಾರದು ಎನ್ನುವುದು ಇದಕ್ಕೇ. ಯಾವುದೇ ದೂರಿಗೆ 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು, ಸಹಾಯವಾಣಿ 14448.

ವರ್ಷ ತುಂಬಿದ ಮೇಲೆ

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ಸ್ಕೋರಿಗಿಂತ ಮೊದಲು ವಿವರಗಳನ್ನು ನೋಡಿ: ನಿಮ್ಮದಲ್ಲದ ಸಾಲವೇನಾದರೂ ಇದೆಯೇ, ಕಟ್ಟಿದ ತಿಂಗಳನ್ನು ಕಟ್ಟಿಲ್ಲವೆಂದು ತೋರಿಸಿದೆಯೇ. ಶಿಕ್ಷಣ ಸಾಲ ಪಡೆದಿದ್ದರೆ ಅದೂ ಇಲ್ಲಿ ಕಾಣುತ್ತದೆ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ಆನಂತರದ ಪ್ರತಿ ದಿನಕ್ಕೆ 100 ರೂ. ಪರಿಹಾರ ನಿಮ್ಮ ಹಕ್ಕು.

ಕೆಲಸ ಸಿಕ್ಕು, ಠೇವಣಿಯಿಲ್ಲದ ಕಾರ್ಡು ಬಂದ ಮೇಲೂ ಹಳೆಯ ಕಾರ್ಡು ಜೀವಮಾನ ಉಚಿತವಾಗಿದ್ದರೆ ಇಟ್ಟುಕೊಳ್ಳಬಹುದು, ಅದರ ವಯಸ್ಸು ಸ್ಕೋರಿಗೆ ಬಲ. ಆದರೆ ವರ್ಷಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ತಿಳುವಳಿಕೆ ಕೊಟ್ಟು ಬ್ಯಾಂಕೇ ಮುಚ್ಚಬಹುದು. ನೀವೇ ಮುಚ್ಚುವುದಾದರೆ ಪೂರ್ತಿ ಬಾಕಿ ಕಟ್ಟಿ ಲಿಖಿತವಾಗಿ ಕೇಳಿ. ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು. ಮುಚ್ಚಿದ ಪತ್ರ ಕೈಗೆ ಬಂದ ಮೇಲೆ, ಚಂದಾಗಳು ಆ ಕಾರ್ಡಿನಿಂದ ಕಳಚಿವೆಯೇ, ಎಫ್‌ಡಿಯ ಮೇಲಿನ ಲಿಯನ್ ತೆಗೆದಿದ್ದಾರೆಯೇ ಎಂದು ಆ್ಯಪ್‌ನಲ್ಲಿ ನೋಡಿಕೊಳ್ಳಿ. ಲಿಯನ್ ಹಾಗೆಯೇ ಉಳಿದಿರುವುದು ನಾನು ಕಂಡಂತೆ ಅಪರೂಪವಲ್ಲ, ಒಂದು ಅರ್ಜಿ ಬರೆದುಕೊಟ್ಟರೆ ಶಾಖೆಯಲ್ಲಿ ತೆಗೆಯುತ್ತಾರೆ. ಆಮೇಲೆ ಕಾರ್ಡಿನ ಚಿಪ್ಪಿನ ಮೇಲೆಯೇ ಕತ್ತರಿ ಆಡಿಸಿ.